ನೂರ ಹನ್ನೆರಡು ಖಾಲಿ ಕುಳಿಗಳು

ನನ್ನ ತಂಗಿ ಇಲ್ಲವಾದಳೆಂಬ ಸುದ್ದಿ ನನಗೆ ಮುಟ್ಟಿದ್ದು ಒಂದು ಬೀಗದ ಕೈಯ ನೆಪದಲ್ಲಿ.

ಬೆಳಗಿನ ಹನ್ನೊಂದು ಗಂಟೆಯ ಹೊತ್ತು. ಪ್ರಾರ್ಥನೆ, ತಿಂಡಿ, ಔಷಧಿ ಎಲ್ಲ ಮುಗಿಸಿ ದಿನಪತ್ರಿಕೆಯ ಮೂರನೆಯ ಪುಟದಲ್ಲಿ ತಪ್ಪು ಹುಡುಕುತ್ತ ಕುಳಿತಿದ್ದೆ. ಅಚ್ಚುಕೂಟದಲ್ಲಿ ನಲವತ್ತೊಂದು ವರ್ಷ ಕರಡು ತಿದ್ದಿದವನಿಗೆ ಪತ್ರಿಕೆ ಓದುವುದೆಂದರೆ ಅಷ್ಟೇ. ಫೋನು ಬಂತು. ತಂಗಿ ಕೆಲಸ ಮಾಡುತ್ತಿದ್ದ ಸಸ್ಯ ಸಂಶೋಧನಾಲಯದ ಗುಮಾಸ್ತರು ಮಾತಾಡಿದರು. ಅಲ್ಲಿ ಎಲ್ಲರೂ ನನ್ನ ತಂಗಿಯನ್ನು ಅಕ್ಕ ಎನ್ನುತ್ತಿದ್ದುದರಿಂದ ನಾನು, ಎಪ್ಪತ್ತೆರಡು ವರ್ಷದವನು, ಇಡೀ ಕಚೇರಿಗೆ ಅಣ್ಣನಾಗಿದ್ದೆ.

"ಅಣ್ಣ, ಮೂರನೇ ಮಹಡಿ ಫ್ರೀಜರಿನ ಕೀ ಮನೇಲಿದೆಯಾ ಸ್ವಲ್ಪ ನೋಡ್ತೀರಾ? ಅರ್ಜೆಂಟಾಗಿ ಬೇಕಾಗಿದೆ."

ಅವಳು ಎಂಟು ಗಂಟೆಗೇ ಅಲ್ಲಿಗೆ ಹೊರಟಳಲ್ಲ, ಅವಳನ್ನೇ ಕೇಳಿ ಎಂದೆ. ಆ ಕಡೆ ಕಾಗದ ಸರಿಸುವ ಸದ್ದಾಯಿತು. ಆಮೇಲೆ ಅವರು ದನಿ ತಗ್ಗಿಸಿ, "ಆಸ್ಪತ್ರೆಯವರು ನಿಮಗೆ ಹೇಳಿಲ್ವಾ?" ಎಂದರು.

ಅವಳು ಒಂಬತ್ತಕ್ಕೆ ಮೂರನೆಯ ಮಹಡಿಯ ಮೆಟ್ಟಿಲಲ್ಲಿ ಕುಸಿದಿದ್ದಳು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕರೆದೊಯ್ದವರು 'ಹತ್ತಿರದ ಸಂಬಂಧಿ' ಎಂಬಲ್ಲಿ ಸಂಶೋಧನಾಲಯದ ಫೋನು ಬರೆಸಿದ್ದರು. ಆಸ್ಪತ್ರೆಯವರು ಸಂಶೋಧನಾಲಯಕ್ಕೆ ತಿಳಿಸಿದರು. ಸಂಶೋಧನಾಲಯದವರು ನಿರ್ದೇಶಕರಿಗೆ ತಿಳಿಸಿದರು, ನಿರ್ದೇಶಕರು ಆಡಳಿತ ವಿಭಾಗಕ್ಕೆ ತಿಳಿಸಿದರು, ಅಲ್ಲಿಂದ ಎಲ್ಲ ಮಹಡಿಗಳಿಗೂ ಸುತ್ತೋಲೆ ಹೋಯಿತು. ಆ ಕಟ್ಟಡದಲ್ಲಿ ಗಿಡಕ್ಕೆ ನೀರು ಹಾಕಲು ಒಬ್ಬರು, ನೀರು ಹಾಕಿದ್ದನ್ನು ಬರೆದುಕೊಳ್ಳಲು ಇನ್ನೊಬ್ಬರು ಇದ್ದಾರೆ. ಸತ್ತವರ ಮನೆಗೆ ಸುದ್ದಿ ಹೇಳುವುದಕ್ಕೆ ಮಾತ್ರ ಯಾರನ್ನೂ ನೇಮಿಸಿರಲಿಲ್ಲ.

ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಫೋನು ಕೆಳಗಿಟ್ಟು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆದು, ಮತ್ತೆ ಬಂದು, "ಇದೆ" ಎಂದೆ. ಆಮೇಲೆ ಕುರ್ಚಿಯ ಮೇಲೆ ಕುಳಿತೆ. ಆಮೇಲೆ ನನಗೆ ಸುದ್ದಿ ತಿಳಿಯಿತು.

ಅವಳು ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅವಳಿಗೆ ಅಕ್ಷರ ಕಲಿಸಿದ್ದು ನಾನು. ಅದೂ ಸೀಸದ ಅಚ್ಚುಮೊಳೆಯಲ್ಲಿ, ತಿರುಗುಮುರುಗಾಗಿ. ನನ್ನ ಹೆಂಡತಿ ಹೋದ ಮೇಲೆ ಒಂದು ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ನಾವಿಬ್ಬರೇ. ಅವಳದು ಮಾತು ಕಡಿಮೆ. ನನ್ನದು ಹೆಚ್ಚು. ಹಾಗಾಗಿ ಹೊಂದಿಕೆಯಿತ್ತು.

ಅವಳ ಕೆಲಸವೇನೆಂದು ಹೇಳಬೇಕು. ಬೇರೇನೂ ಬೆಳೆಯದ ಉಪ್ಪುನೆಲದಲ್ಲಿ ಒಂದು ಜಾತಿಯ ಹುಲ್ಲು ಬೆಳೆಯುತ್ತದೆ, ದನವೂ ಮೂಸಿ ನೋಡಿ ಮುಂದೆ ಹೋಗುವಂಥದು. ಅದಕ್ಕೆ ಉಪ್ಪು ಏಕೆ ಬಾಧಿಸುವುದಿಲ್ಲ, ಅದರ ಯಾವ ಜೀನು ಯಾವ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ನಾವು ತಿನ್ನುವ ಬೆಳೆಗಳಿಗೂ ಆ ಗುಣ ಕೊಡಬಹುದೆಂದು ಸಂಶೋಧನಾಲಯದ ಆಸೆ. ಅದಕ್ಕಾಗಿ ಆ ಹುಲ್ಲಿನ ಡಿಎನ್‌ಎಯನ್ನು ತುಂಡರಿಸಿ, ಒಂದೊಂದು ತುಂಡನ್ನು ಒಂದೊಂದು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೆಳೆಸಿ, ಹೆಪ್ಪುಗಟ್ಟಿಸಿ ಇಟ್ಟಿದ್ದರು. ಇದನ್ನು ಡಿಎನ್‌ಎ ಲೈಬ್ರರಿ ಎನ್ನುತ್ತಾರೆ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು. ಅದರಲ್ಲಿ ಸಾಲಿಗೆ ಇಪ್ಪತ್ತನಾಲ್ಕರಂತೆ ಹದಿನಾರು ಸಾಲು, ಒಟ್ಟು ಮುನ್ನೂರ ಎಂಬತ್ತನಾಲ್ಕು ಪುಟ್ಟ ಕುಳಿ. ಕುಳಿಗೊಂದು ತುಂಡು. ಅಂಥ ಪ್ಲೇಟು ನೂರ ಹನ್ನೆರಡು. ಅಷ್ಟನ್ನೂ ಹನಿ ಹನಿಯಾಗಿ ತುಂಬಿದವಳು ಅವಳು. ಅದಕ್ಕೇ ಅಲ್ಲಿ ಅವಳ ಹೆಸರು ಹನಿಯಕ್ಕ. ಇಪ್ಪತ್ತೇಳು ವರ್ಷ ಹನಿ ಅಳೆದು ಬಿಡುವ ಪಿಪೆಟ್ ಕೊಳವೆ ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಊಟಕ್ಕೆ ಕುಳಿತರೂ ಆ ಬೆರಳು ತಾನಾಗಿಯೇ ಮೇಲೆ ಕೆಳಗೆ ಆಡುತ್ತಿತ್ತು.

ಇವೆಲ್ಲ ತುಂಡು ಮಾಡಿದ ಮೇಲೆ ಯಾವುದರ ಪಕ್ಕ ಯಾವುದು ಎಂದು ಹೇಗೆ ತಿಳಿಯುತ್ತದೆ ಎಂದು ನಾನು ಕೇಳಿದ್ದುಂಟು. ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. "ಒಂದು ದಪ್ಪ ಪುಸ್ತಕದ ಹತ್ತು ಪ್ರತಿ ತಗೊಂಡು ಯಾರೋ ಬೇಕಾಬಿಟ್ಟಿ ಹರಿದು ಹಾಕಿದಾರೆ ಅಂದ್ಕೋ, ಅಣ್ಣ. ಒಂದು ಚೂರಿನ ಕೊನೇ ಸಾಲು ಇನ್ನೊಂದು ಚೂರಿನ ಮೊದಲಲ್ಲೂ ಇದ್ರೆ ಅವೆರಡೂ ಅಕ್ಕಪಕ್ಕ. ಹಾಗೆ ಜೋಡಿಸ್ತಾ ಹೋದ್ರೆ ಅದೇ ನಕ್ಷೆ." ಆಮೇಲೆ, "ನಮ್ಮ ಸಾಹೇಬರು ಜೋಡಿಸೋಕೆ ಮುಂಚೇನೇ ಚೌಕಟ್ಟು ಹಾಕಿಸಿದಾರೆ" ಎಂದಳು.

ಸಾಹೇಬರೆಂದರೆ ನಿರ್ದೇಶಕರು. ಮನೆಯಲ್ಲಿ ಅವಳು ಅವರನ್ನು ನಕ್ಷೆ ಸಾಹೇಬರು ಎನ್ನುತ್ತಿದ್ದಳು. ಅವರ ಕೋಣೆಯ ಗೋಡೆಯ ತುಂಬ ಆ ಹುಲ್ಲಿನ ಜೀನೋಮ್ ನಕ್ಷೆ. ಹನ್ನೊಂದು ಅಡಿ ಉದ್ದ, ಕೆಂಪು ನೀಲಿ ಹಳದಿ ಗೆರೆ, ಗಾಜಿನ ಹೊದಿಕೆ, ಮೇಲೆ ಮೂರು ದೀಪ. ಅದರಲ್ಲಿ ನಿಜವಾಗಿ ಗೊತ್ತಾಗಿದ್ದು ಮೂರರಲ್ಲೊಂದು ಪಾಲು. ಉಳಿದದ್ದಕ್ಕೆ ಬಣ್ಣ ಚೆನ್ನಾಗಿತ್ತು. ಮಹನೀಯರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ.

ಇನ್ನು ಆ ಖಾಲಿ ಕುಳಿಯ ವಿಷಯ. ನಾನೊಮ್ಮೆ ಅವಳು ಮರೆತ ಕನ್ನಡಕ ಕೊಡಲು ಹೋದಾಗ ಪ್ಲೇಟು ನೋಡಿದೆ. ಎಲ್ಲ ಕುಳಿಗಳೂ ಮಸುಕು ಬಿಳುಪು, ಒಂದು ಮಾತ್ರ ಸ್ವಚ್ಛ. ನನ್ನ ಕಣ್ಣು ಮೊದಲು ಹೋಗುವುದೇ ತಪ್ಪಿನ ಮೇಲೆ. ಒಂದನ್ನು ತುಂಬಲು ಸೋಮಾರಿತನವೇ ಎಂದು ಎಲ್ಲರೆದುರು ಹಾಸ್ಯ ಮಾಡಿದೆ. ಅವಳು ಮನೆಗೆ ಬಂದ ಮೇಲೆ ವಿವರಿಸಿದಳು. ಒಂದನೆಯ ಪ್ಲೇಟಿನಲ್ಲಿ ಒಂದನೆಯ ಕುಳಿ ಖಾಲಿ, ಎರಡನೆಯದರಲ್ಲಿ ಎರಡನೆಯದು, ಹೀಗೆ ನೂರ ಹನ್ನೆರಡರವರೆಗೆ. ಚಳಿಗೆ ಚೀಟಿ ಉದುರಿದರೂ ಖಾಲಿ ಕುಳಿ ಎಣಿಸಿದರೆ ಅದು ಎಷ್ಟನೆಯ ಪ್ಲೇಟೆಂದು ತಿಳಿಯುತ್ತದೆ. ಅಷ್ಟೂ ಖಾಲಿಗಳು ಮೇಲಿನ ಐದು ಸಾಲುಗಳೊಳಗೇ ಬರುತ್ತವೆ. ಹಾಗಾಗಿ ಖಾಲಿ ಕುಳಿ ಕೆಳಗೆಲ್ಲೋ ಕಂಡರೆ ಯಾರೋ ಪ್ಲೇಟನ್ನು ತಲೆಕೆಳಗು ಮಾಡಿದ್ದಾರೆಂದು ಅರ್ಥ. ನಾವು ಅಚ್ಚುಕೂಟದಲ್ಲಿ ಪದಪದದ ನಡುವೆ ಅಕ್ಷರವಿಲ್ಲದ ಸೀಸದ ತುಂಡು ಇಡುತ್ತಿದ್ದೆವು. ಅದಿಲ್ಲದಿದ್ದರೆ ಇಡೀ ಪುಟವೇ ಒಂದು ಪದ. ಅದನ್ನು ನೋಡಿಯೇ ತನಗೆ ಇದು ಹೊಳೆದದ್ದು ಎಂದಳು. ಅವಳಿಂದ ನಾನು ಕೇಳಿದ ಒಂದೇ ಒಂದು ಹೊಗಳಿಕೆ ಅದು.

ಕಚೇರಿಯಲ್ಲಿ ಯಾರಿಗೂ ಇದನ್ನು ಏಕೆ ಹೇಳಿಲ್ಲ ಎಂದು ಕೇಳಿದೆ. ಕೇಳಿದರೆ ಹೇಳುತ್ತೇನೆ ಎಂದಳು. ಯಾರೂ ಕೇಳಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ಲೇಟಿನ ಸಂಖ್ಯೆ, ತುಂಬಿದ ದಿನ, ಖಾಲಿ ಕುಳಿ ಎಂದು ಮೂರು ಸಾಲು ಗೆರೆ ಎಳೆದು ಬರೆದಿಟ್ಟಿದ್ದಳು. ಆ ಪುಸ್ತಕ ಮನೆಯಲ್ಲಿತ್ತು. ಸಂಶೋಧನಾಲಯದಲ್ಲಿ ಅವಳ ಮೇಜಿಗೆ ಡ್ರಾಯರು ಇರಲಿಲ್ಲ.

ಅವಳು ಹೋದ ಐದನೆಯ ದಿನ ಅಲ್ಲಿ ಸಂತಾಪ ಸಭೆ ನಡೆಯಿತು. ಗೌರವ ಸಲ್ಲಿಸಲು ದೊಡ್ಡ ಪರದೆಯ ಮೇಲೆ ಅವಳ ಚಿತ್ರ ತೋರಿಸಬೇಕಿತ್ತು. ಇಪ್ಪತ್ತೇಳು ವರ್ಷದ ಚಿತ್ರಸಂಗ್ರಹ ಹುಡುಕಿದರೂ ಅವಳ ಮುಖ ಸಿಗಲಿಲ್ಲವಂತೆ. ಯಾವುದೋ ಸಚಿವರು ಪ್ರಯೋಗಾಲಯ ನೋಡಲು ಬಂದಿದ್ದಾಗಿನ ಚಿತ್ರದಲ್ಲಿ, ಸಚಿವರ ಭುಜದ ಹಿಂದೆ, ಪಿಪೆಟ್ ಹಿಡಿದ ಒಂದು ಕೈ ಇತ್ತು. ಅದನ್ನೇ ದೊಡ್ಡದು ಮಾಡಿ ಹಾಕಿದ್ದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ನನ್ನ ತಂಗಿಯ ಕೈಯನ್ನು ನೋಡಿದೆ. ಪಿಪೆಟ್ ಹಿಡಿದದ್ದು ಎಡಗೈ. ಅದು ಅವಳದೂ ಆಗಿರಲಿಲ್ಲ. ನಕ್ಷೆ ಸಾಹೇಬರು ಗದ್ಗದಿತರಾಗಿ ಮಾತಾಡಿದರು. ಹನಿಯಕ್ಕ ಬಿಟ್ಟುಹೋದ ಖಾಲಿ ಜಾಗವನ್ನು ಯಾರಿಂದಲೂ ತುಂಬಲಾಗದು ಎಂದರು.

ತುಂಬಿಸಿಬಿಟ್ಟರು, ಅದೂ ನಾಲ್ಕೇ ದಿನದಲ್ಲಿ.

ಆಗಿದ್ದು ಹೀಗೆ. ಹೊರಗಿನಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಸಂಶೋಧನಾಲಯಕ್ಕೆ ಯಾವ ದರ್ಜೆ ಕೊಡಬೇಕೆಂದು ಅವರು ನಿರ್ಧರಿಸುತ್ತಾರೆ. ನಾನು ಕೊಟ್ಟ ಬೀಗದ ಕೈಯಿಂದ ಫ್ರೀಜರು ತೆಗೆದು ನೋಡಿದ ಸಾಹೇಬರ ಕಣ್ಣಿಗೆ ಎರಡು ಅಪಚಾರಗಳು ಕಂಡವು. ಒಂದು, ಕೈಬರಹದ ಚೀಟಿಗಳು. ಇನ್ನೊಂದು, ಪ್ರತಿ ಪ್ಲೇಟಿನಲ್ಲೂ ಒಂದು ಖಾಲಿ ಕುಳಿ. ಲೈಬ್ರರಿ ನೂರಕ್ಕೆ ನೂರು ಪೂರ್ಣವೆಂದು ಅವರು ಈಗಾಗಲೇ ಸಮಿತಿಗೆ ಬರೆದುಕೊಟ್ಟಾಗಿತ್ತು. ಹೊಳೆಯುವ ಹೊಸ ಚೀಟಿ ಅಂಟಿಸಬೇಕು, ಒಂದು ಕುಳಿಯೂ ಖಾಲಿ ಇರಬಾರದು ಎಂದು ಆಜ್ಞೆ ಮಾಡಿದರು. ಆಜ್ಞೆಯಾದದ್ದು ತಂಗಿಯ ಕೈಕೆಳಗೆ ಆರು ವರ್ಷ ಕಲಿತ ಸಂಶೋಧಕಿಗೆ, ವರ್ಷವರ್ಷವೂ ಕೆಲಸ ನವೀಕರಣವಾಗಬೇಕಾದ ಹೆಣ್ಣುಮಗಳಿಗೆ.

ಆಕೆ ನನ್ನ ಮನೆಗೆ ಬಂದಳು. ಅದನ್ನು ಈಗ ಬರೆಯಬೇಕಾಗಿದೆ.

ಸಂಜೆ ನಾಲ್ಕರ ಹೊತ್ತು. ಬಾಗಿಲಲ್ಲಿ ನಿಂತು, ಅಕ್ಕನ ನೋಟ್‌ಬುಕ್ಕು ಒಂದು ದಿನದ ಮಟ್ಟಿಗೆ ಬೇಕಿತ್ತು ಎಂದಳು. "ಆ ಖಾಲಿ ಕುಳಿಗಳಿಗೆ ಏನೋ ಕೆಲಸ ಇದೆ ಅಂತ ಅಕ್ಕ ಒಂದ್ಸಲ ಅಂದಿದ್ರು, ಅಣ್ಣ. ಏನು ಅಂತ ನಾನು ಕೇಳ್ಲಿಲ್ಲ." ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಪುಸ್ತಕವೂ ಬೇಕಾಗಿರಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಆ ಬೀಗದ ಕೈ, ಪರದೆಯ ಮೇಲಿನ ಆ ಬೇರೆಯವರ ಕೈ. "ಇಪ್ಪತ್ತೇಳು ವರ್ಷ ಅವಳು ಅಲ್ಲೇ ಇದ್ದಳಲ್ಲ, ಆಗ ಕೇಳಬೇಕಿತ್ತು" ಎಂದು ಬಾಗಿಲು ಹಾಕಿದೆ. ಹಾಕಿ, ಒಳಗೆ ಹೋಗಿ, ಸಂಜೆಯ ಪ್ರಾರ್ಥನೆಗೆ ಕುಳಿತೆ. ಕ್ಷಮೆಯ ಕುರಿತ ಭಾಗ ಅಂದಿನ ಪಾಠವಾಗಿತ್ತು. ಒಂದು ಅಕ್ಷರವೂ ತಪ್ಪದೆ ಓದಿದೆ.

ಖಾಲಿ ಕುಳಿಗಳಿಗೆ ತುಂಬಲು ಹುಲ್ಲಿನ ತುಂಡುಗಳು ಎಲ್ಲಿಂದ ಬರಬೇಕು? ಬೆಂಚಿನ ಮೇಲೆ ಒಂದು ಬಾಟಲಿ ಇತ್ತು. ಶಾಲಾಮಕ್ಕಳು ಬಂದಾಗ ಜೀನು ಎಂದರೇನೆಂದು ತೋರಿಸಲು ಇಟ್ಟದ್ದು. ಅದರಲ್ಲಿದ್ದದ್ದು ಟೊಮೆಟೊ ಹಣ್ಣಿನ ಡಿಎನ್‌ಎಯ ಒಂದು ತುಂಡು. ಅದೇ ಬಾಟಲಿಯಿಂದ ನೂರ ಹನ್ನೆರಡು ಹನಿ ಬಿದ್ದವು. ಸಮಿತಿ ಬಂತು, ಫ್ರೀಜರಿನ ಹೊಗೆಯಂಥ ಚಳಿಗೆ ಅರ್ಧ ನಿಮಿಷ ಮುಖ ಒಡ್ಡಿತು, ಹೊಳೆಯುವ ಚೀಟಿಗಳನ್ನು ಮೆಚ್ಚಿತು, ಮೇಲಿನ ದರ್ಜೆ ಕೊಟ್ಟು ಹೋಯಿತು.

ಮೇಲಿನ ದರ್ಜೆ ಸಿಕ್ಕಮೇಲೆ ಇಡೀ ಲೈಬ್ರರಿಯನ್ನು ಓದಿಸುವ ಅವಕಾಶವೂ ಸಿಕ್ಕಿತು. ಒಂದೊಂದು ಕುಳಿಯಲ್ಲಿ ಏನು ಬರೆದಿದೆಯೆಂದು ಯಂತ್ರ ಓದಿ ಹೇಳುತ್ತದಂತೆ. ಮೂರು ತಿಂಗಳಿಗೆ ಫಲಿತಾಂಶ ಬಂತು. ನಕ್ಷೆ ಸಾಹೇಬರು ಅದನ್ನು ನೋಡಿ ಕುರ್ಚಿಯಿಂದ ಎದ್ದರಂತೆ. ಹುಲ್ಲಿನ ಜೀನೋಮಿನ ತುಂಬ ಒಂದೇ ತುಂಡು ಮತ್ತೆ ಮತ್ತೆ ಬರುತ್ತಿದೆ, ಅದೂ ಎಂಥ ಶಿಸ್ತಿನಿಂದ, ಪ್ಲೇಟಿಗೆ ಒಂದೇ ಒಂದು ಸಲ. ಮನುಷ್ಯ ಮಾಡಿದ ಹಾಗೆ. ಯಾರಿಗಾದರೂ ಅಲ್ಲೇ ಅನುಮಾನ ಬರಬೇಕಿತ್ತು. ಸಾಹೇಬರಿಗೆ ಬಂದದ್ದು ದರ್ಶನ. ಉಪ್ಪನ್ನು ತಡೆಯುವ ರಹಸ್ಯ ಇದೇ, ಈ ಜೀನು ಸರ್ವವ್ಯಾಪಿ ಎಂದು ಪತ್ರಿಕಾಗೋಷ್ಠಿ ಕರೆದು ಸಾರಿದರು. ನೀವು ಹಂಚಿದ ಹಾಳೆಯಲ್ಲಿ ಟೊಮೆಟೊಗೂ ಇದಕ್ಕೂ ಹೋಲಿಕೆಯಿದೆ ಎಂದು ಬರೆದಿದೆಯಲ್ಲ ಎಂದು ಒಬ್ಬ ವರದಿಗಾರ ಕೇಳಿದ್ದಕ್ಕೆ, ಹುಲ್ಲಿಗೂ ಟೊಮೆಟೊಗೂ ಅನಾದಿ ಕಾಲದ ಬಾಂಧವ್ಯವಿದ್ದಿರಬೇಕು ಎಂದು ಸ್ಥಳದಲ್ಲೇ ಸಂಬಂಧ ಕುದುರಿಸಿದರು. ಗೋಡೆಯ ನಕ್ಷೆಯಲ್ಲಿ ನೂರ ಹನ್ನೆರಡು ಕೆಂಪು ಚುಕ್ಕೆ ಹೊಸದಾಗಿ ಬಂದವು.

ನಾನು ದಿನಕ್ಕೆರಡು ಸಲ ಸರ್ವವ್ಯಾಪಿಯಾದವನ ಹೆಸರು ಹೇಳುವವನು. ಪತ್ರಿಕೆಯಲ್ಲಿ ಆ ಪದ ಟೊಮೆಟೊದ ಪಕ್ಕ ಕಂಡಾಗ ತಿದ್ದುವ ಪೆನ್ನು ಕೈಗೆ ಬಂದದ್ದು ನಿಜ. ಆದರೆ ವಿಷಯ ಹೊಳೆಯಲಿಲ್ಲ. ನನಗೇನು ಗೊತ್ತು ಆ ಬಾಟಲಿಯ ಕಥೆ.

ಎರಡು ತಿಂಗಳಾದ ಮೇಲೆ ದೂರದ ಯಾವುದೋ ಪ್ರಯೋಗಾಲಯದಿಂದ ನಾಲ್ಕು ಸಾಲಿನ ಪತ್ರ ಬಂತು. ನೀವು ಕಂಡುಹಿಡಿದದ್ದು ಹುಲ್ಲಿನ ಜೀನಲ್ಲ, ಮಕ್ಕಳಿಗೆ ಪಾಠ ಹೇಳಲು ಎಲ್ಲ ಕಡೆ ಮಾರುವ ಟೊಮೆಟೊ ತುಂಡು, ನಿಮ್ಮ ಲೈಬ್ರರಿ ಕಲುಷಿತವಾಗಿದೆ, ದಯವಿಟ್ಟು ಪರೀಕ್ಷಿಸಿಕೊಳ್ಳಿ ಎಂದು. ವಿಚಾರಣೆ ನಡೆಯಲೇಬೇಕಾಯಿತು. ಅದರ ಕರಡು ವರದಿ ಹಿಡಿದುಕೊಂಡು ಗುಮಾಸ್ತರು ಒಂದು ಬೆಳಿಗ್ಗೆ ನನ್ನ ಮನೆಗೆ ಬಂದರು.

ಚಹಾ ಕುಡಿದು, ಆರೋಗ್ಯ ವಿಚಾರಿಸಿ, ಕೊನೆಯ ಹಾಳೆ ಮಾತ್ರ ಮುಂದಿಟ್ಟು, ಕೆಳಗೆ ಬೆರಳಿಟ್ಟರು. "ಇಲ್ಲೊಂದು ಸಹಿ, ಅಣ್ಣ. ಕುಟುಂಬದವರ ಆಕ್ಷೇಪಣೆ ಇಲ್ಲ ಅಂತ. ಬರೀ ಫಾರ್ಮಾಲಿಟಿ."

ಓದದೆ ಸಹಿ ಹಾಕುವುದು ನನ್ನ ಕಸುಬಿನವರಿಂದ ಆಗದ ಕೆಲಸ. ಇಡೀ ವರದಿ ಕೊಡಿ ಎಂದೆ. ಏಳನೆಯ ಪುಟದಲ್ಲಿ ಸಿಕ್ಕಿತು. 'ಮೃತ ಸಿಬ್ಬಂದಿಯ ದೀರ್ಘಕಾಲದ ಅಜಾಗರೂಕತೆಯಿಂದ ಲೈಬ್ರರಿಯ ಎಲ್ಲ ಪ್ಲೇಟುಗಳೂ ಕಲುಷಿತವಾಗಿದ್ದು, ಇಡೀ ಲೈಬ್ರರಿಯನ್ನು ನಾಶಪಡಿಸುವುದು ಸೂಕ್ತ.' ವಾಕ್ಯರಚನೆ ಚೆನ್ನಾಗಿತ್ತು. ಅಚ್ಚಿನ ತಪ್ಪು ಒಂದೂ ಇರಲಿಲ್ಲ. ಅದರ ಕೆಳಗೆ ಆ ತುಂಡು ಸಿಕ್ಕ ಕುಳಿಗಳ ಪಟ್ಟಿ: ಒಂದನೆಯ ಪ್ಲೇಟು, ಒಂದನೆಯ ಕುಳಿ. ಎರಡನೆಯ ಪ್ಲೇಟು, ಎರಡನೆಯ ಕುಳಿ. ಮೂರನೆಯ ಪ್ಲೇಟು...

ಬಾಗಿಲಲ್ಲಿ ನಿಂತು ಆ ಹೆಣ್ಣುಮಗಳು ಕೇಳಿದ್ದು ಏಕೆಂದು ಆಗ ಅರ್ಥವಾಯಿತು. ತಂಗಿ ಖಾಲಿ ಬಿಟ್ಟ ಕುಳಿಗಳನ್ನೇ ತುಂಬಿಸಿದ್ದರು. ನಾನು ಬಾಯಿ ಬಿಡದೆ ಇದ್ದುದರ ಫಲ ಈಗ ನನ್ನ ತಂಗಿಯ ತಲೆಯ ಮೇಲೆ ಬಂದು ಕುಳಿತಿತ್ತು. ಅವಳು ಎದ್ದುಬಂದು ಉತ್ತರ ಹೇಳುವಂತಿಲ್ಲ. ಸತ್ತವರ ಮೇಲೆ ಹೊರಿಸುವುದರಲ್ಲಿ ಆ ಒಂದು ಅನುಕೂಲ ಇದೆ.

ಸಹಿ ಹಾಕಲಿಲ್ಲ. ನಾನೇ ಬರುತ್ತೇನೆ ಎಂದೆ. ಗುಮಾಸ್ತರ ಮುಖ ಇಳಿಯಿತು. ಬರುವುದಕ್ಕೆ ಫಾರ್ಮು ಇಲ್ಲ ಎಂದರು.

ವಿಚಾರಣೆ ನಡೆದದ್ದು ನಕ್ಷೆಯಿದ್ದ ಕೋಣೆಯಲ್ಲೇ. ಉದ್ದನೆಯ ಮೇಜು, ಎಲ್ಲರೆದುರು ನೀರಿನ ಬಾಟಲಿ, ಯಾರೂ ತೆಗೆಯದ ಬಿಸ್ಕತ್ತು. ಅಧ್ಯಕ್ಷೆ ಬೇರೆ ಊರಿನಿಂದ ಬಂದ ನಿವೃತ್ತ ಪ್ರಾಧ್ಯಾಪಕಿ. ದಪ್ಪ ಕನ್ನಡಕ, ಗಡಿಯಾರ ನೋಡುವ ಚಾಳಿ. ಸಾಹೇಬರು ಗೋಡೆಗೆ ಬೆನ್ನು ಮಾಡಿ, ಕೆಂಪು ಚುಕ್ಕೆಗಳು ಕಾಣದ ಹಾಗೆ ಕುಳಿತಿದ್ದರು. ಹನ್ನೊಂದು ಅಡಿಗೆ ಒಬ್ಬ ಮನುಷ್ಯನ ಬೆನ್ನು ಸಾಲುವುದಿಲ್ಲ. ಸಂಶೋಧಕಿ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದಳು. ನನ್ನತ್ತ ನೋಡಲಿಲ್ಲ.

ಸಾಹೇಬರು ನನ್ನನ್ನು ಪರಿಚಯಿಸಿ, ಅಣ್ಣನವರು ದುಃಖದಲ್ಲಿದ್ದಾರೆ, ವಿಷಯ ತಾಂತ್ರಿಕವಾದದ್ದು, ಅವರಿಗೆ ತೊಂದರೆ ಕೊಡುವುದು ಬೇಡ ಎಂದರು. ನಾನು ತಂಗಿಯ ನೋಟ್‌ಬುಕ್ಕನ್ನೂ ಅವರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಅಧ್ಯಕ್ಷೆಯ ಮುಂದೆ ಸರಿಸಿದೆ. ಎರಡು ಕರಡುಗಳನ್ನು ಒಬ್ಬರು ಓದುತ್ತ ಇನ್ನೊಬ್ಬರು ನೋಡುತ್ತ ತಾಳೆ ಹಾಕುವುದು ನಮ್ಮ ಪದ್ಧತಿ, ನೀವು ಓದಿ, ನಾನು ನೋಡುತ್ತೇನೆ ಎಂದೆ. ಬಹುಶಃ ಆ ಹೆಂಗಸಿಗೆ ಬಹಳ ದಿನಗಳಿಂದ ಯಾರೂ ಕೆಲಸ ಹೇಳಿರಲಿಲ್ಲ. ಗಡಿಯಾರ ನೋಡಿ, ಓದತೊಡಗಿದರು.

ಟೊಮೆಟೊ ಸಿಕ್ಕ ಕುಳಿ ಅವರು ಹೇಳುವುದು. ತಂಗಿ ಖಾಲಿ ಬಿಟ್ಟ ಕುಳಿ ನಾನು ಹೇಳುವುದು. ಒಂದು, ಒಂದು. ಎರಡು, ಎರಡು. ಎಂಟರವರೆಗೆ ಅವರ ದನಿಯಲ್ಲಿ ಬೇಸರವಿತ್ತು. ಇಪ್ಪತ್ತರ ಹೊತ್ತಿಗೆ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಐವತ್ತರಲ್ಲಿ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನೂರ ಹನ್ನೆರಡು ಮುಗಿದಾಗ ನೂರ ಏಳು ತಾಳೆಯಾಗಿದ್ದವು. ಐದು ಆಗಿರಲಿಲ್ಲ.

ಸಾಹೇಬರಿಗೆ ಉಸಿರು ಬಂತು. "ನೋಡಿ, ಐದು ತಪ್ಪಿದೆ. ಅಜಾಗರೂಕತೆ ಅಂದ್ರೆ ಇದೇ ಅಲ್ವಾ?"

ಆ ಐದನ್ನೂ ನಾನು ಮನೆಯಲ್ಲೇ ನೋಡಿಕೊಂಡು ಬಂದಿದ್ದೆ. ಹದಿನಾಲ್ಕನೆಯ ಪ್ಲೇಟಿನಲ್ಲಿ ಟೊಮೆಟೊ ನಲವತ್ತೊಂದರಲ್ಲಿತ್ತು, ನಲವತ್ತೊಂದನೆಯದರಲ್ಲಿ ಹದಿನಾಲ್ಕರಲ್ಲಿ. ಅಂಕಿ ಹಿಂದುಮುಂದಾಗುವುದು ಕರಡಿನಲ್ಲಿ ನಿತ್ಯ ಕಾಣುವ ತಪ್ಪು. ಹೊಸ ಚೀಟಿ ಅಂಟಿಸಿದವರು ಅವೆರಡನ್ನು ಅದಲುಬದಲು ಮಾಡಿದ್ದಾರೆ ಎಂದೆ. ಉಳಿದ ಮೂರರಲ್ಲಿ ಟೊಮೆಟೊ ಕೊನೆಯ ಸಾಲುಗಳಲ್ಲಿತ್ತು. ಒಂಬತ್ತನೆಯದರಲ್ಲಿ ಮುನ್ನೂರ ಎಪ್ಪತ್ತಾರನೆಯ ಕುಳಿ. ಅದನ್ನು ಕೆಳಗಿನಿಂದ ಎಣಿಸಿದರೆ ಒಂಬತ್ತು. ಆ ಮೂರಕ್ಕೆ ಹೊಸ ಚೀಟಿ ತಲೆಕೆಳಗಾಗಿ ಬಿದ್ದಿದೆ.

ಅಧ್ಯಕ್ಷೆ ತಾವೇ ಬೆರಳಿಟ್ಟು ಎಣಿಸಿದರು. ಆಮೇಲೆ ಸಾಹೇಬರತ್ತ ತಿರುಗಿ, ಇದು ಕಲುಷಿತವಾದ ಲೈಬ್ರರಿಯಲ್ಲ, ತುಂಬಬಾರದ ನೂರ ಹನ್ನೆರಡು ಕುಳಿಗಳನ್ನು ಯಾರೋ ಒಂದೇ ಬಾಟಲಿಯಿಂದ ತುಂಬಿದ್ದಾರೆ, ಉಳಿದ ನಲವತ್ತೆರಡು ಸಾವಿರಕ್ಕೂ ಮೀರಿದ ತುಂಡುಗಳು ಚೊಕ್ಕವಾಗಿವೆ, ಇದನ್ನು ನಾಶಪಡಿಸಿ ಎಂದು ಬರೆದವರು ಯಾರು ಎಂದು ಕೇಳಿದರು. ಬಾಗಿಲ ಹತ್ತಿರದ ಕುರ್ಚಿ ಸರಿದ ಸದ್ದಾಯಿತು.

"ತುಂಬಿದ್ದು ನಾನು, ಮೇಡಂ" ಎಂದಳು ಸಂಶೋಧಕಿ.

ಸಾಹೇಬರು ಅವಳನ್ನು ಕರುಣೆಯಿಂದ ನೋಡಿದರು. "ಖಾಲಿ ಬಿಡಬೇಡ ಅಂದೆ, ಅಷ್ಟೇ. ಟೊಮೆಟೊ ಹಾಕು ಅಂದ್ನೇನಮ್ಮ ನಾನು?"

"ಇಲ್ಲ ಸರ್. ಏನು ಹಾಕಲಿ ಅಂತ ಎರಡು ಸಲ ಕೇಳಿದೆ. ಏನಾದ್ರೂ ಹಾಕು ಅಂದ್ರಿ."

ಆಗ ನಾನು ಎದ್ದು ನಿಂತೆ. ಈಕೆ ತುಂಬುವ ಮೊದಲು ನನ್ನ ಮನೆ ಬಾಗಿಲಿಗೆ ಬಂದು ಕೇಳಿದ್ದಳು, ನಾನು ಗೊತ್ತಿದ್ದೂ ಹೇಳದೆ ಬಾಗಿಲು ಹಾಕಿದೆ ಎಂದೆ. ಕೋಣೆಯಲ್ಲಿದ್ದವರೆಲ್ಲರ ತಪ್ಪುಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಬಂದವನು ನಾನು. ಎಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ನನ್ನ ಪುಟದಲ್ಲೇ ಇತ್ತು. ಸಂಶೋಧಕಿ ಮೊದಲ ಸಲ ನನ್ನತ್ತ ನೋಡಿದಳು. ಕಣ್ಣು ತುಂಬಿತ್ತು. ಅದು ಕ್ಷಮೆಯೋ ಸಿಟ್ಟೋ ನಾನು ಹೇಳಲಾರೆ.

ಅಧ್ಯಕ್ಷೆ ಏಳನೆಯ ಪುಟ ತೆಗೆದು ನನ್ನ ಮುಂದಿಟ್ಟರು. "ನೀವೇ ಹೊಡೆದುಹಾಕಿ" ಎಂದರು. ನಾನು ಜೇಬಿನಿಂದ ಪೆನ್ನು ತೆಗೆದು ಆ ವಾಕ್ಯದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದೆ. ನಲವತ್ತೊಂದು ವರ್ಷದಲ್ಲಿ ಎಷ್ಟು ಸಾಲು ಹೊಡೆದಿದ್ದೇನೋ. ಯಾವುದಕ್ಕೂ ಕೈ ಹೀಗೆ ಭಾರವಾಗಿರಲಿಲ್ಲ.

ಗುಮಾಸ್ತರು ಕೆಮ್ಮಿದರು. 'ಹೊಣೆಗಾರರು' ಎಂಬ ಕಾಲಂ ಈಗ ಖಾಲಿಯಾಯಿತು, ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರು ವರದಿಯನ್ನು ಮುಂದಕ್ಕೆ ಬಿಡುವುದಿಲ್ಲ ಎಂದರು. ಸಂಶೋಧಕಿ ತಲೆ ತಗ್ಗಿಸಿದಳು. ಸಾಹೇಬರು ಕಿಟಕಿಯ ಹೊರಗೆ ಏನೋ ಗಿಡ ನೋಡಿದರು. ನನ್ನ ಹೆಸರು ಬರೆಯಿರಿ ಎಂದೆ. ಗುಮಾಸ್ತರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಎರಡು ಸಲ ಒತ್ತಿದರು. ಸಿಬ್ಬಂದಿ ಸಂಖ್ಯೆ ಇಲ್ಲದವರನ್ನು ಹೊಣೆ ಮಾಡಲು ಬರುವುದಿಲ್ಲ ಎಂದರು. ಕೊನೆಗೆ ಸಾಹೇಬರೇ ದಾರಿ ತೋರಿಸಿದರು. 'ತಾಂತ್ರಿಕ ಕಾರಣ' ಎಂದು ಬರೆದರು. ಕಂಪ್ಯೂಟರಿಗೆ ಸಮಾಧಾನವಾಯಿತು.

ಲೈಬ್ರರಿ ಉಳಿಯಿತು. ಟೊಮೆಟೊ ಎಲ್ಲಿದೆಯೋ ಅದೇ ಪ್ಲೇಟಿನ ಗುರುತಾದ್ದರಿಂದ ಐದು ಚೀಟಿಗಳನ್ನು ಸರಿಪಡಿಸಿದ್ದೂ ಆಯಿತು. ಸಂಶೋಧಕಿಯ ಕೆಲಸ ಇನ್ನೊಂದು ವರ್ಷಕ್ಕೆ ನವೀಕರಣಗೊಂಡಿತು. ಅಧ್ಯಕ್ಷೆ ಅದಕ್ಕಾಗಿ ಪ್ರತ್ಯೇಕ ಪತ್ರ ಬರೆದರಂತೆ. ಅವಳು ಈಗ ತಂಗಿಯ ಮೇಜಿನಲ್ಲಿ ಕುಳಿತು ಆ ಹುಲ್ಲಿನ ತುಂಡುಗಳನ್ನು ಒಂದೊಂದಾಗಿ ಬೇರೆ ಗಿಡಕ್ಕೆ ಸೇರಿಸಿ, ಉಪ್ಪುನೀರು ಹಾಕಿ, ಯಾವುದು ಬಾಡದೆ ನಿಲ್ಲುತ್ತದೆಂದು ಕಾಯುತ್ತಿದ್ದಾಳೆ. ನಕ್ಷೆ ಸಾಹೇಬರು ಸುಮ್ಮನೆ ಕೂರುವವರಲ್ಲ. ದೊಡ್ಡ ದೊಡ್ಡ ಸಭೆಗಳಲ್ಲಿ 'ಖಾಲಿ ಕುಳಿಯ ಮಹತ್ವ' ಎಂಬ ಉಪನ್ಯಾಸ ಕೊಡುತ್ತ ತಿರುಗುತ್ತಿದ್ದಾರೆ. ಅದು ನಮ್ಮ ಸಂಶೋಧನಾಲಯದ ವಿಧಾನ ಎನ್ನುತ್ತಾರೆ. ಯಾರ ವಿಧಾನವೆಂದು ಒಂದು ಸಭೆಯಲ್ಲಿ ಯಾರೋ ಕೇಳಿದ್ದಕ್ಕೆ, ನಮ್ಮ ಒಬ್ಬ ದಿವಂಗತ ಸಹೋದ್ಯೋಗಿ ಎಂದು ಹೇಳಿ ಕಣ್ಣೊರೆಸಿಕೊಂಡರಂತೆ. ಅಷ್ಟಾದರೂ ಹೇಳಿದರಲ್ಲ.

ವರದಿಯ ಅಂತಿಮ ಪ್ರತಿ ಮೊನ್ನೆ ಅಂಚೆಯಲ್ಲಿ ಬಂತು. ಏಳನೆಯ ಪುಟದಲ್ಲಿ ಆ ವಾಕ್ಯವಿಲ್ಲ. ಮೂರು ಸಲ ಓದಿದೆ. ಆಮೇಲೆ ತಂಗಿಯ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕುಳಿತು, ಆ ಪುಟವನ್ನು ಗಟ್ಟಿಯಾಗಿ ಓದಿದೆ, ಅವಳು ಮೂಲ ಹಿಡಿದುಕೊಂಡು ತಾಳೆ ನೋಡುತ್ತಿರುವ ಹಾಗೆ. ಅವಳಿಗೆ ಇಂಥದರಿಂದ ಏನೂ ಆಗಬೇಕಾಗಿರಲಿಲ್ಲ. ಆಗಬೇಕಾಗಿದ್ದದ್ದು ನನಗೆ.

ದೇವರೇ, ಅವಳನ್ನು ನಿನ್ನ ಹತ್ತಿರ ಕರೆದುಕೊಂಡಿದ್ದೀಯೆ. ಕೇಳದೆ ಮಾತಾಡುವವಳಲ್ಲ, ನೀನೇ ಕೇಳಬೇಕು. ಅವಳ ಬೆರಳಿನ ನೋವನ್ನು ತೆಗೆ. ಅವಳನ್ನು ನಿಂದಿಸಿದವರನ್ನು ನೀನು ಏನಾದರೂ ಮಾಡಿಕೋ, ಅದು ನನ್ನ ಕೆಲಸವಲ್ಲವೆಂದು ಈಗ ತಿಳಿದಿದೆ. ಬಾಗಿಲು ಹಾಕಿದ ನನ್ನನ್ನು ಕ್ಷಮಿಸು. ಅವಳಿಗೆ ತಣ್ಣನೆಯ ನೆರಳು ಕೊಡು, ಎಬ್ಬಿಸುವವರಿಲ್ಲದ ನಿದ್ದೆ ಕೊಡು. ನನ್ನ ತಂಗಿಯ ಆತ್ಮ ನಿನ್ನಲ್ಲಿ ಶಾಂತವಾಗಿರಲಿ.